0.596: ಮೈಕ್ ಲೀಚ್ ಬಗ್ಗೆ ಹಾಲ್ ಆಫ್ ಫೇಮ್‌ನವರಿಗೆ ಒಂದು ಬಹಿರಂಗ ಪತ್ರ

ಗೆ,
ಹಾಲ್ ಆಫ್ ಫೇಮ್ ನಡೆಸುವ ನ್ಯಾಷನಲ್ ಫುಟ್‌ಬಾಲ್ ಫೌಂಡೇಶನ್‌ನ ಪದಾಧಿಕಾರಿಗಳಿಗೆ, ಅದರ ಆಯ್ಕೆ ಸಮಿತಿಯಾದ ಆನರ್ಸ್ ಕೋರ್ಟ್‌ನ ಸದಸ್ಯರಿಗೆ ಮತ್ತು ಮತ ಹಾಕುವ ಎಲ್ಲರಿಗೆ,
ಅರ್ವಿಂಗ್, ಟೆಕ್ಸಸ್

ವಿಷಯ: ದಿವಂಗತ ಕೋಚ್ ಮೈಕ್ ಲೀಚ್ ಅವರನ್ನು ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಳ್ಳುವ ಬಗ್ಗೆ

ಮಾನ್ಯರೇ,

ಮುಖ್ಯ ಕೋಚ್ ಆಗಿ ಮೈಕ್ ಲೀಚ್ ಆಡಿಸಿದ್ದು 265 ಪಂದ್ಯ. ಗೆದ್ದದ್ದು 158, ಸೋತದ್ದು 107. ಭಾಗಿಸಿ ನೋಡಿದರೆ 0.596 ಬರುತ್ತದೆ. ನಿಮ್ಮ ನಿಯಮದಲ್ಲಿ ಬಹಳ ಕಾಲ ಇದ್ದ ಗೆರೆ 0.600. ಈ ನಾಲ್ಕು ಸಾವಿರಾಂಶದ ಕೊರತೆಗೆ, ಅಮೆರಿಕದ ಶಾಲೆ ಕಾಲೇಜುಗಳು ಫುಟ್‌ಬಾಲ್ (ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು ಆಡುವ ಅಮೆರಿಕನ್ ಫುಟ್‌ಬಾಲ್) ಆಡುವ ರೀತಿಯನ್ನೇ ಬದಲಿಸಿದವರಲ್ಲಿ ಒಬ್ಬರ ಹೆಸರು ನಿಮ್ಮ ಬಾಗಿಲ ಹೊರಗೇ ನಿಂತಿತ್ತು. 2025ರ ಮೇ ತಿಂಗಳಲ್ಲಿ ನೀವು ಆ ಗೆರೆಯನ್ನು 0.595ಕ್ಕೆ ಇಳಿಸಿದಿರಿ. 2027ರ ಪಟ್ಟಿಯಿಂದ ಅದು ಜಾರಿ ಎಂದೂ ಹೇಳಿದಿರಿ. ಅದಕ್ಕೆ ಧನ್ಯವಾದ.

ಹಾಗಾದರೆ ಪತ್ರ ಯಾಕೆ ಅಂತ ಕೇಳಬಹುದು. ಅರ್ಹತೆ ಸಿಕ್ಕ ಮಾತ್ರಕ್ಕೆ ಆಯ್ಕೆ ಆದ ಹಾಗಲ್ಲ, ಅಲ್ವಾ? ಗೆರೆ ಇಳಿಸಿದ ರೀತಿಯಲ್ಲೂ ನನಗೆ ಒಂದು ತಕರಾರು ಇದೆ. ಎರಡನ್ನೂ ಹೇಳಿಬಿಡುತ್ತೇನೆ.

ನಾನು ವಾಷಿಂಗ್ಟನ್ ರಾಜ್ಯದ ಪುಲ್‌ಮನ್ ಊರಿನಲ್ಲಿ, ಲೀಚ್ ಎಂಟು ವರ್ಷ ಕೋಚ್ ಆಗಿದ್ದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದಿದವನು. ಅಲ್ಲಿಗೆ ಹೋಗುವವರೆಗೆ ಈ ಆಟದ ಗಂಧಗಾಳಿ ನನಗೆ ಇರಲಿಲ್ಲ. ಅಮೆರಿಕದ ಕ್ಯಾಂಪಸ್‌ಗಳಲ್ಲಿ ಓದುವ ಎಷ್ಟೋ ಕನ್ನಡದ ಹುಡುಗರು ಹುಡುಗಿಯರು ನನ್ನ ಹಾಗೆಯೇ ಈ ಆಟ ಕಲಿತವರು. ಮೊದಲ ವರ್ಷ ಸುಮ್ನೆ ಗಲಾಟೆ ನೋಡೋಕೆ ಹೋಗುತ್ತಾರೆ. ಎರಡನೇ ವರ್ಷ ಪಕ್ಕದವನಿಗೆ ನಿಯಮ ಹೇಳಿಕೊಡುತ್ತಿರುತ್ತಾರೆ. ಅವರೂ ಓದಲಿ ಎಂದೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ 0.600ರ ವಿಷಯ. ಲೀಚ್ ಸೋತ 107 ಪಂದ್ಯಗಳಲ್ಲಿ ಯಾವುದಾದರೂ ಒಂದೇ ಒಂದು ಗೆಲುವಾಗಿದ್ದರೆ ಲೆಕ್ಕ 159-106 ಆಗುತ್ತಿತ್ತು. ಕ್ಯಾಲ್ಕುಲೇಟರ್ ತೆಗೆದು ಭಾಗಿಸಿ. ಕರಾರುವಾಕ್ಕಾಗಿ 0.600. ಒಂದು ಕೂದಲೂ ಹೆಚ್ಚು ಕಡಿಮೆ ಇಲ್ಲ.

ಆ ಒಂದು ಪಂದ್ಯ ಯಾವುದು ಎಂದು ಪುಲ್‌ಮನ್‌ನವರನ್ನು ಕೇಳಿದರೆ ಹೆಚ್ಚಿನವರು ಯೋಚಿಸದೆ ಹೇಳುತ್ತಾರೆ: 2019ರ ಸೆಪ್ಟೆಂಬರ್ 21, ಯುಸಿಎಲ್‌ಎ ವಿರುದ್ಧ. ಅವತ್ತು ನಾನು ಮಾರ್ಟಿನ್ ಸ್ಟೇಡಿಯಂನಲ್ಲಿದ್ದೆ. ಯುಸಿಎಲ್‌ಎ ಆ ವರ್ಷದ ಮೊದಲ ಮೂರೂ ಪಂದ್ಯ ಸೋತು ಬಂದಿತ್ತು. ಮೂರನೇ ಕ್ವಾರ್ಟರ್‌ನಲ್ಲಿ ನಮ್ಮವರು 49-17ರಿಂದ ಮುಂದಿದ್ದರು. ನಾನಿದ್ದ ಸಾಲಿನಲ್ಲಿ ಕೆಲವರು ಆಗಲೇ ಎದ್ದು ಮನೆ ದಾರಿ ಹಿಡಿದಿದ್ದರು. ಆಮೇಲೆ ಚೆಂಡು ಕೈ ಜಾರುವುದು ಶುರುವಾಯಿತು. ಒಂದು ಸಲ ಜಾರಿತು, ಮತ್ತೊಂದು ಸಲ ಎದುರಾಳಿ ಕಿತ್ತುಕೊಂಡ, ಇನ್ನೊಂದು ಸಲ ಯುಸಿಎಲ್‌ಎ ಹುಡುಗ ಚೆಂಡು ಹಿಡಿದು ಮೈದಾನದ ಉದ್ದಕ್ಕೂ ಓಡಿದ. ಕೊನೆಗೆ ಒಂದು ನಿಮಿಷ ಚಿಲ್ಲರೆ ಉಳಿದಿರುವಾಗ ಅವರು ಮುಂದೆ ಹೋದರು. ಫಲಿತಾಂಶ 67-63. ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಮುಖ್ಯ ಆಟಗಾರ, ಆಂಥನಿ ಗಾರ್ಡನ್ ಅವತ್ತು ಒಂಬತ್ತು ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತರುವ ಎಸೆತ) ಎಸೆದಿದ್ದ. ಒಂಬತ್ತು ಟಚ್‌ಡೌನ್ ಎಸೆದೂ ಸೋಲುವುದು ಅಂದರೆ ಏನು ಅಂತ ಆಟ ಗೊತ್ತಿರುವ ನಿಮಗೆ ನಾನು ವಿವರಿಸಬೇಕಿಲ್ಲ.

ಆ ರಾತ್ರಿ ಒಬ್ಬ ಹುಡುಗನ ಕೈಯಲ್ಲಿ ಚೆಂಡು ಗಟ್ಟಿಯಾಗಿ ನಿಂತಿದ್ದರೆ ಲೀಚ್ ನಿಮ್ಮ ಹಳೆಯ ನಿಯಮದಲ್ಲೇ ಅರ್ಹರು. ನಿಲ್ಲಲಿಲ್ಲ, ಹಾಗಾಗಿ ಅನರ್ಹರು. ಒಬ್ಬ ಕೋಚ್‌ನ ಇಡೀ ಜೀವಮಾನದ ಕೆಲಸವನ್ನು ಅಳೆಯುವ ಸಾಧನ ಇಷ್ಟು ಸಣ್ಣ ಕಾರಣಕ್ಕೆ ತಿರುಗಿ ಬೀಳುತ್ತದೆ ಎಂದರೆ ದೋಷ ಸಾಧನದ್ದೇ.

ಅದೃಷ್ಟ ಅವರಿಗೆ ಬರೀ ಕೈ ಕೊಟ್ಟಿತು ಎಂದೇನೂ ನಾನು ವಾದಿಸುವುದಿಲ್ಲ. 2006ರ ಇನ್‌ಸೈಟ್ ಬೌಲ್‌ನಲ್ಲಿ (ಬೌಲ್ ಅಂದರೆ ವರ್ಷದ ಆಟದ ಕೊನೆಗೆ ಆಯ್ದ ತಂಡಗಳು ಆಡುವ ವಿಶೇಷ ಪಂದ್ಯ) ಅವರ ಟೆಕ್ಸಸ್ ಟೆಕ್ ತಂಡ ಮಿನೆಸೋಟ ವಿರುದ್ಧ 38-7ರಿಂದ ಹಿಂದೆ ಬಿದ್ದು, ಓವರ್‌ಟೈಮ್‌ನಲ್ಲಿ 44-41ಕ್ಕೆ ಗೆದ್ದಿತ್ತು. ಕೊಟ್ಟದ್ದೂ ಉಂಟು, ಕಿತ್ತುಕೊಂಡದ್ದೂ ಉಂಟು. ಇಷ್ಟು ಏರುಪೇರಿನ ಆಟಕ್ಕೆ ದಶಮಾಂಶದ ಮೂರನೇ ಸ್ಥಾನದವರೆಗೆ ಹೋಗಿ ಬೇಲಿ ಹಾಕುವುದು ಸರಿಯಲ್ಲ, ಅಷ್ಟೇ ನನ್ನ ಮಾತು.

ಇನ್ನೂ ಒಂದು ವಿಚಿತ್ರ ಲೆಕ್ಕ ಇದೆ. 2009ರ ಕೊನೆಯಲ್ಲಿ ಟೆಕ್ಸಸ್ ಟೆಕ್ ಅವರನ್ನು ತೆಗೆದುಹಾಕಿತು. ಕೆಲವೇ ದಿನಗಳಲ್ಲಿ ಅವರು ಕಟ್ಟಿದ ತಂಡ ಅಲಾಮೊ ಬೌಲ್‌ನಲ್ಲಿ ಮಿಷಿಗನ್ ಸ್ಟೇಟನ್ನು 41-31ರಿಂದ ಸೋಲಿಸಿತು. 2022ರ ಡಿಸೆಂಬರ್ 12ರಂದು ಹೃದಯದ ತೊಂದರೆಯಿಂದ ಅವರು 61ನೇ ವಯಸ್ಸಿಗೆ ತೀರಿಕೊಂಡರು. ಮೂರು ವಾರದ ನಂತರ, ಜನವರಿ 2ರಂದು, ಅವರ ಮಿಸಿಸಿಪ್ಪಿ ಸ್ಟೇಟ್ ತಂಡ ಇಲಿನಾಯ್ ವಿರುದ್ಧ 19-10ರಿಂದ ಗೆದ್ದಿತು. ಎರಡೂ ಗೆಲುವು ಅವರ ಖಾತೆಯಲ್ಲಿಲ್ಲ. ಸರಿ, ನಿಯಮ ನಿಯಮವೇ. ಆದರೆ ಎರಡನ್ನೂ ಸೇರಿಸಿದರೂ 160-107, ಅಂದರೆ 0.599! ಆಗಲೂ ಹೊರಗೆ. ಇದನ್ನು ಲೆಕ್ಕ ಹಾಕಿದ ದಿನ ನನಗೆ ನಗು ಬಂತು. ಲೀಚ್ ಇದ್ದಿದ್ದರೆ ಇದರ ಮೇಲೆ ಪತ್ರಿಕಾಗೋಷ್ಠಿಯಲ್ಲಿ ಅರ್ಧ ಗಂಟೆ ಮಾತಾಡಿ, ನಡುವೆ ತಮಗೆ ಬಹಳ ಇಷ್ಟವಾದ ಕಡಲ್ಗಳ್ಳರ ಕಥೆಗೂ ಹೋಗಿ ಬರುತ್ತಿದ್ದರು.

ಈಗ ಶೇಕಡಾವಾರಿನ ಅಸಲು ಸಮಸ್ಯೆಗೆ ಬರುತ್ತೇನೆ. ಕಾಲೇಜ್ ಫುಟ್‌ಬಾಲ್‌ನಲ್ಲಿ ಆಟಗಾರರನ್ನು ಯಾರೂ ಸಮನಾಗಿ ಹಂಚಿಕೊಡುವುದಿಲ್ಲ. ಹೈಸ್ಕೂಲ್ ಮುಗಿಸುವ ಪ್ರತಿಭಾವಂತ ಹುಡುಗರ ಮನೆ ಬಾಗಿಲಿಗೆ ದೊಡ್ಡ ಯೂನಿವರ್ಸಿಟಿಗಳ ಕೋಚ್‌ಗಳು ಮೊದಲು ಹೋಗುತ್ತಾರೆ. ಉಳಿದವರನ್ನು ಉಳಿದ ಯೂನಿವರ್ಸಿಟಿಗಳು ಆರಿಸಿಕೊಳ್ಳಬೇಕು. ಲೀಚ್ ಮೂರು ಕಡೆ ಮುಖ್ಯ ಕೋಚ್ ಆಗಿದ್ದರು. ಮೂರೂ ಈ ಉಳಿದ ಗುಂಪಿನವೇ. ಟೆಕ್ಸಸ್ ಟೆಕ್ ಇರುವ ಲಬಕ್ ಊರಿನ ಸುತ್ತ ಹತ್ತಿ ಹೊಲ ಬಿಟ್ಟರೆ ಬೇರೇನಿಲ್ಲ. ಅದು ಆಡುತ್ತಿದ್ದ ಕಾನ್ಫರೆನ್ಸ್‌ನಲ್ಲೇ, ಅಂದರೆ ತಮ್ಮತಮ್ಮೊಳಗೆ ಪಂದ್ಯ ಆಡುವ ಯೂನಿವರ್ಸಿಟಿಗಳ ಕೂಟದಲ್ಲೇ, ಟೆಕ್ಸಸ್, ಒಕ್ಲಹೋಮ, ಟೆಕ್ಸಸ್ ಎ ಆ್ಯಂಡ್ ಎಂ ಎಂಬ ದೈತ್ಯರಿದ್ದರು. ಪುಲ್‌ಮನ್ ಗೋಧಿ ಬೆಳೆಯುವ ಗುಡ್ಡಗಳ ನಡುವಿನ ಪುಟ್ಟ ಊರು. ಎದುರಿಗೆ ಯುಎಸ್‌ಸಿ, ಆರೆಗನ್, ವಾಷಿಂಗ್ಟನ್. ಆಮೇಲೆ ಹೋದ ಮಿಸಿಸಿಪ್ಪಿಯ ಸ್ಟಾರ್ಕ್‌ವಿಲ್‌ನಲ್ಲಂತೂ ಅಲಬಾಮ, ಎಲ್‌ಎಸ್‌ಯು ಪಕ್ಕದ ಮನೆಯವರು. ಮಳೆ ನಂಬಿ ರಾಗಿ ಬೆಳೆದವನ ಕ್ವಿಂಟಾಲನ್ನು ನಾಲೆ ನೀರಿನಲ್ಲಿ ಭತ್ತ ಬೆಳೆದವನ ಕ್ವಿಂಟಾಲಿನ ಪಕ್ಕ ಇಟ್ಟು, ಇವನು ಒಳ್ಳೆ ರೈತ ಅಲ್ಲ ಎಂದು ನಮ್ಮ ಕಡೆ ಯಾರೂ ಹೇಳುವುದಿಲ್ಲ. ನಿಮ್ಮ 0.600 ಇಷ್ಟು ವರ್ಷ ಹೇಳಿದ್ದು ಹೆಚ್ಚುಕಡಿಮೆ ಅದನ್ನೇ.

ಆ ಒಣ ನೆಲದಲ್ಲಿ ಅವರು ತೆಗೆದ ಬೆಳೆ ನೋಡಿ. ಟೆಕ್ಸಸ್ ಟೆಕ್‌ನಲ್ಲಿ ಹತ್ತು ವರ್ಷ, 84 ಗೆಲುವು. ಆ ಯೂನಿವರ್ಸಿಟಿಯ ಚರಿತ್ರೆಯಲ್ಲೇ ಅತಿ ಹೆಚ್ಚು. ಹತ್ತರಲ್ಲಿ ಒಂದು ವರ್ಷವೂ ಗೆಲುವಿಗಿಂತ ಸೋಲು ಜಾಸ್ತಿ ಆಗಲಿಲ್ಲ. 2008ರ ನವೆಂಬರ್ 1ರ ರಾತ್ರಿ, ದೇಶದಲ್ಲೇ ಮೊದಲ ಸ್ಥಾನದಲ್ಲಿದ್ದ ಟೆಕ್ಸಸ್ ವಿರುದ್ಧ ಒಂದು ಅಂಕ ಹಿಂದೆ ಇದ್ದಾಗ, ಗ್ರಹಾಂ ಹ್ಯಾರೆಲ್ ಎಸೆದ ಚೆಂಡನ್ನು ಮೈಕಲ್ ಕ್ರಾಬ್‌ಟ್ರೀ ಅಂಚಿನ ಗೆರೆಯ ಪಕ್ಕದಲ್ಲೇ ಹಿಡಿದು, ಮೇಲೆ ಬಿದ್ದ ಕೈಯನ್ನು ಕೊಡವಿಕೊಂಡು ಒಳಗೆ ನುಗ್ಗಿದ. ಗಡಿಯಾರದಲ್ಲಿ ಉಳಿದದ್ದು ಒಂದು ಸೆಕೆಂಡ್. 39-33. ಆ ವಿಡಿಯೊ ಈಗ ನೋಡಿದರೂ ಮೈ ಜುಮ್ಮೆನ್ನುತ್ತದೆ. ಮೂರು ವಾರದ ನಂತರ ಇದೇ ತಂಡ ಒಕ್ಲಹೋಮಕ್ಕೆ 65-21ರಿಂದ ಸೋತಿತು, ಅದನ್ನೂ ಮುಚ್ಚಿಡುವುದಿಲ್ಲ.

ವಾಷಿಂಗ್ಟನ್ ಸ್ಟೇಟ್ ಕಥೆ ಇನ್ನೂ ಕಷ್ಟದ್ದು. ಅವರು ಬರುವ ಮೊದಲಿನ ನಾಲ್ಕು ವರ್ಷದಲ್ಲಿ ಆ ತಂಡದ ಲೆಕ್ಕ 9 ಗೆಲುವು, 40 ಸೋಲು. ಲೀಚ್ ಬಂದ 2012ರಲ್ಲಿ 3-9. ಮೂರನೇ ವರ್ಷ ಮತ್ತೆ 3-9. ಸುಲಭದ ಕೆಲಸ ಹುಡುಕುವ ಕೋಚ್ ಆಗಿದ್ದರೆ ಇಂಥ ಕಡೆಗೆ ಬರುತ್ತಲೇ ಇರಲಿಲ್ಲ, ಶೇಕಡಾವಾರು ಚೆನ್ನಾಗಿ ಉಳಿಯುತ್ತಿತ್ತು! 2015ರಿಂದ ಐದು ವರ್ಷ ಸತತವಾಗಿ ಬೌಲ್ ಪಂದ್ಯ. 2018ರಲ್ಲಿ ಗಾರ್ಡನರ್ ಮಿನ್‌ಶೂ ಎಂಬ, ಬೇರೆ ಯಾರಿಗೂ ಅಷ್ಟಾಗಿ ಬೇಡವಾಗಿದ್ದ ಕ್ವಾರ್ಟರ್‌ಬ್ಯಾಕ್ ಜೊತೆ 11-2. ಆ ಯೂನಿವರ್ಸಿಟಿ ಒಂದು ವರ್ಷದಲ್ಲಿ ಅಷ್ಟು ಗೆದ್ದದ್ದೇ ಇಲ್ಲ. ಆ ವರ್ಷ ಅಮೆರಿಕದ ಫುಟ್‌ಬಾಲ್ ಕೋಚ್‌ಗಳ ಸಂಘ ಅವರನ್ನು ವರ್ಷದ ಕೋಚ್ ಎಂದು ಆರಿಸಿತು. ಅಂದರೆ ಜೊತೆಗೆ ಕೆಲಸ ಮಾಡುವವರೇ ಒಪ್ಪಿಕೊಂಡಿದ್ದರು.

ಒಟ್ಟು ಎಂಟು ವರ್ಷದಲ್ಲಿ 55-47. ಅವರ ಸರಾಸರಿಯನ್ನು ಹೆಚ್ಚಾಗಿ ಕೆಳಗೆ ಎಳೆದದ್ದು ಈ ಸಾಲು. ನನ್ನ ಕಣ್ಣಿಗೆ ಅವರ ಅತಿ ದೊಡ್ಡ ಕೆಲಸವೂ ಇದೇ ಸಾಲಿನಲ್ಲಿದೆ.

ಪುಲ್‌ಮನ್‌ನಲ್ಲಿ ಅವರು ಮನೆಯಿಂದ ಆಫೀಸಿಗೆ ನಡೆದೇ ಹೋಗುತ್ತಿದ್ದರು, ಮೂರು ಮೈಲಿಗಿಂತ ಜಾಸ್ತಿ. ಚಳಿಗಾಲದಲ್ಲೂ. ಹಿಮ ಬಿದ್ದ ಬೆಳಗ್ಗೆ ಬಸ್ಸಿನ ಕಿಟಕಿಯಿಂದ ನಾನೇ ನೋಡಿದ್ದೇನೆ: ಬೆನ್ನಿಗೆ ಬ್ಯಾಗು, ಕಿವಿಗೆ ಫೋನು, ಯಾರ ಜೊತೆಗೋ ಬಿಡದೆ ಮಾತು. ಲಕ್ಷಾಂತರ ಡಾಲರ್ ಸಂಬಳದ ಮನುಷ್ಯ. ಬಸ್ಸಿನಲ್ಲಿದ್ದ ಊರಿನವರು ತಲೆ ಎತ್ತಿಯೂ ನೋಡಲಿಲ್ಲ, ಅಷ್ಟು ಮಾಮೂಲಾಗಿತ್ತು.

ಆದರೂ ಗೆಲುವು ಸೋಲಿನ ಲೆಕ್ಕದಿಂದ ಅವರನ್ನು ಒಳಗೆ ತನ್ನಿ ಎಂದು ನಾನು ಕೇಳುತ್ತಿಲ್ಲ. ಕಾನ್ಫರೆನ್ಸ್ ಪ್ರಶಸ್ತಿ ಅವರು ಒಮ್ಮೆಯೂ ಗೆಲ್ಲಲಿಲ್ಲ. ಅದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿಯಾದ ವಾಷಿಂಗ್ಟನ್ ವಿರುದ್ಧ ವರ್ಷಕ್ಕೊಮ್ಮೆ ನಡೆಯುವ ಆ್ಯಪಲ್ ಕಪ್‌ನಲ್ಲಿ ಎಂಟರಲ್ಲಿ ಏಳು ಸೋತರು. ನಮಗೆಲ್ಲ ಅದು ಇವತ್ತಿಗೂ ಹೊಟ್ಟೆ ಉರಿ. ಅವರು ಒಳಗೆ ಬರಬೇಕಾದದ್ದು ಬೇರೆ ಕಾರಣಕ್ಕೆ.

ಲೀಚ್ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರಲ್ಲ. ವಯೋಮಿಂಗ್‌ನ ಕೋಡಿಯಲ್ಲಿ ಬೆಳೆದು, ಬ್ರಿಗಂ ಯಂಗ್ ಯೂನಿವರ್ಸಿಟಿಯಲ್ಲಿ ಓದುವಾಗ ಲವೆಲ್ ಎಡ್ವರ್ಡ್ಸ್ ಅವರ ತಂಡ ಚೆಂಡು ಎಸೆಯುವ ರೀತಿ ನೋಡಿ ಮರುಳಾದವರು. 1986ರಲ್ಲಿ ಪೆಪ್ಪರ್‌ಡೈನ್‌ನಲ್ಲಿ ಲಾ ಮುಗಿಸಿದರು. ವಕೀಲಿಕೆ ಮಾಡಿಕೊಂಡು ಹಾಯಾಗಿ ಇರಬಹುದಿತ್ತು. ಅದನ್ನು ಬಿಟ್ಟು ಸಣ್ಣಪುಟ್ಟ ಕಾಲೇಜುಗಳಲ್ಲಿ ಸಹಾಯಕ ಕೋಚ್ ಆದರು. ಫಿನ್ಲೆಂಡಿನ ಪೋರಿ ಎಂಬ ಊರಿಗೂ ಹೋಗಿ ಒಂದು ತಂಡಕ್ಕೆ ಕೋಚ್ ಆದರು. 1989ರಲ್ಲಿ ಹ್ಯಾಲ್ ಮಮ್ಮಿ ಎಂಬ ಕೋಚ್ ಅವರನ್ನು ಅಯೋವಾ ವೆಸ್ಲಿಯನ್ ಎಂಬ ಚಿಕ್ಕ ಕಾಲೇಜಿಗೆ ಕರೆಸಿಕೊಂಡರು. ಹಿಂದಿನ ವರ್ಷ ಒಂದೂ ಪಂದ್ಯ ಗೆಲ್ಲದ ತಂಡ ಅದು. ಇಬ್ಬರೂ ಸೇರಿ ಅಲ್ಲಿ ಬೆಳೆಸಿದ ಆಟಕ್ಕೇ ಮುಂದೆ ಏರ್ ರೇಡ್ ಎಂಬ ಹೆಸರು ಬಂತು.

ಅದರಲ್ಲಿ ಗುಟ್ಟು ಏನೂ ಇಲ್ಲ. ಮುಂದಿನ ಸಾಲಿನ ದಾಂಡಿಗರ ನಡುವೆ ಅಗಲ ಜಾಗ ಬಿಡು. ಎಸೆದ ಚೆಂಡು ಹಿಡಿಯುವ ನಾಲ್ಕು ರಿಸೀವರ್‌ಗಳನ್ನು ಮೈದಾನದ ಉದ್ದಗಲಕ್ಕೂ ಹರಡು. ಕೆಲವೇ ಪಟ್ಟು ಇಟ್ಟುಕೊ, ಆದರೆ ಅವನ್ನೇ ಕಣ್ಣು ಮುಚ್ಚಿ ಮಾಡುವಷ್ಟು ಅಭ್ಯಾಸ ಮಾಡು. ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ ಎಸೆ. ಬೇರೆ ಕೋಚ್‌ಗಳು ದೊಡ್ಡ ಬಣ್ಣಬಣ್ಣದ ಲ್ಯಾಮಿನೇಟ್ ಹಾಳೆ ಹಿಡಿದು ನಿಂತಿದ್ದರೆ ಲೀಚ್ ಕೈಯಲ್ಲಿ ಇರುತ್ತಿದ್ದದ್ದು ಮಡಚಿದ ಒಂದು ಪುಟ್ಟ ಚೀಟಿ. ದೈತ್ಯ ಆಟಗಾರರು ಸಿಗದ ಕಾಲೇಜಿಗೆ ಇದರಿಂದ ಒಂದು ದಾರಿ ಸಿಕ್ಕಿತು. ಎದುರಾಳಿ ನಮಗಿಂತ ಬಲಶಾಲಿ ಆಗಿದ್ದರೂ ಆಡಬಹುದು ಎನ್ನುವ ದಾರಿ.

ಆ ದಾರಿಯಲ್ಲಿ ಎಷ್ಟು ಜನ ನಡೆದರು ನೋಡಿ. 1999ರಲ್ಲಿ ಲೀಚ್ ಒಂದೇ ವರ್ಷ ಒಕ್ಲಹೋಮದಲ್ಲಿ ಆಕ್ರಮಣ ವಿಭಾಗ ನೋಡಿಕೊಂಡರು. ಜಾಶ್ ಹೈಪಲ್ ಎಂಬ ಕ್ವಾರ್ಟರ್‌ಬ್ಯಾಕನ್ನು ಕರೆತಂದರು. ಮರುವರ್ಷ ಒಕ್ಲಹೋಮ ದೇಶದ ಚಾಂಪಿಯನ್. ಅದೇ ಹೈಪಲ್ ಮುಂದೆ ಟೆನಸಿಯ ಮುಖ್ಯ ಕೋಚ್. ಲೀಚ್ ಕೈಕೆಳಗೆ ಆಡಿದ ಕ್ಲಿಫ್ ಕಿಂಗ್ಸ್‌ಬರಿ ಮುಂದೆ ಅದೇ ಟೆಕ್ಸಸ್ ಟೆಕ್‌ಗೆ ಕೋಚ್ ಆಗಿ ಮುಂದೆ ವೃತ್ತಿಪರ ಫುಟ್‌ಬಾಲ್‌ನ ದೊಡ್ಡ ತಾರೆಯಾದ ಪ್ಯಾಟ್ರಿಕ್ ಮಹೋಮ್ಸ್‌ನನ್ನು ತಯಾರು ಮಾಡಿದರು. ಸ್ಕಾಲರ್‌ಶಿಪ್ ಇಲ್ಲದೆ ಲಬಕ್‌ಗೆ ಬಂದ ಲಿಂಕನ್ ರೈಲಿಯನ್ನು ಲೀಚ್ ಆಟ ಬಿಡಿಸಿ ಕೋಚಿಂಗ್‌ಗೆ ಹಾಕಿದರು. ರೈಲಿ ಕೈಕೆಳಗೆ ಬೇಕರ್ ಮೇಫೀಲ್ಡ್, ಕೈಲರ್ ಮರ್ರಿ, ಕೇಲೆಬ್ ವಿಲಿಯಮ್ಸ್ ಮೂವರೂ ವರ್ಷದ ಶ್ರೇಷ್ಠ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದರು. ವಿಲಿಯಮ್ಸ್‌ಗೆ ಅದು ಸಿಕ್ಕಿದ್ದು 2022ರ ಡಿಸೆಂಬರ್ 10ರಂದು. ಎರಡೇ ದಿನದ ನಂತರ ಲೀಚ್ ಹೋಗಿಬಿಟ್ಟರು. ಅದೇ ವರ್ಷ ಟಿಸಿಯು ತಂಡವನ್ನು ರಾಷ್ಟ್ರೀಯ ಫೈನಲ್‌ಗೆ ಕರೆದುಕೊಂಡು ಹೋದ ಸಾನಿ ಡೈಕ್ಸ್ ಕೂಡ ಲೀಚ್ ಬಳಿ ಕೆಲಸ ಕಲಿತವರೇ. ಈ ಶಿಷ್ಯರಲ್ಲಿ ಯಾರಾದರೊಬ್ಬರು ನಾಳೆ ನಿಮ್ಮ ಹಾಲ್‌ಗೆ ಬಂದು, ಕಲಿಸಿದ ಗುರುವೇ ಅಲ್ಲಿಲ್ಲ ಅಂದರೆ ಅಟ್ಲಾಂಟಾದ ಆ ಕಟ್ಟಡಕ್ಕೆ ಶೋಭೆಯೇ?

ಇನ್ನು ಹೇಳಲು ಕಷ್ಟವಾದ ಮಾತು. ಕೆಲವರ ತಕರಾರು ಸಂಖ್ಯೆಯದ್ದಲ್ಲ, ನಡತೆಯದ್ದು ಎಂದು ಗೊತ್ತು. 2009ರಲ್ಲಿ ತಲೆಗೆ ಪೆಟ್ಟಾಗಿದ್ದ ಆಟಗಾರನೊಬ್ಬನನ್ನು ಅಭ್ಯಾಸದ ಹೊತ್ತಿನಲ್ಲಿ ಕತ್ತಲೆ ಶೆಡ್‌ನಲ್ಲಿ ನಿಲ್ಲಿಸಿದರು ಎಂಬ ಆರೋಪ ಬಂತು. ಡಿಸೆಂಬರ್ 30ರಂದು ಯೂನಿವರ್ಸಿಟಿ ಅವರನ್ನು ತೆಗೆಯಿತು. ಮರುದಿನ ಅವರಿಗೆ 8 ಲಕ್ಷ ಡಾಲರ್ ಬೋನಸ್ ಬರಬೇಕಿತ್ತು. ತಪ್ಪು ಮಾಡಿಲ್ಲ ಎಂದು ಅವರು ಕೋರ್ಟಿಗೆ ಹೋದರು. ರಾಜ್ಯದ ಯೂನಿವರ್ಸಿಟಿ ವಿರುದ್ಧ ಹೀಗೆ ಹಣ ಕೇಳಿ ದಾವೆ ಹಾಕಲು ಬರುವುದಿಲ್ಲ ಎಂದು ಕೋರ್ಟು ಹೇಳಿತು. ಹಾಗಾಗಿ ಯಾರು ಸರಿ ಎಂಬುದು ಪೂರ್ತಿ ವಿಚಾರಣೆಗೆ ಬರಲೇ ಇಲ್ಲ. 2020ರಲ್ಲಿ ನೇಣಿನ ಕುಣಿಕೆ ಇದ್ದ ಒಂದು ಚಿತ್ರವನ್ನು ತಮಾಷೆಗೆ ಹಾಕಿ, ಮಿಸಿಸಿಪ್ಪಿಯಂಥ ಜಾಗದಲ್ಲಿ ಅದು ಎಷ್ಟು ನೋವು ಕೊಡುತ್ತದೆ ಎಂಬುದು ಎದುರಾದ ಮೇಲೆ ಕ್ಷಮೆ ಕೇಳಿದರು. ತಲೆಗೆ ಪೆಟ್ಟು ಬಿದ್ದ ಹುಡುಗನ ವಿಷಯ ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಅವರ ಅಭಿಮಾನಿಗಳಾದ ನಾವು ಅದನ್ನು ಬರೀ ಪಿತೂರಿ ಎಂದು ಹೇಳಿಕೊಂಡು ತಿರುಗುವುದೂ ನನಗೆ ಇಷ್ಟವಿಲ್ಲ.

ಆದರೆ ಇದೇ ನಿಮ್ಮ ಅಡ್ಡಿಯಾಗಿದ್ದರೆ ಇದನ್ನೇ ಮೇಜಿನ ಮೇಲಿಟ್ಟು ಚರ್ಚೆ ಮಾಡಿ. ಪರ, ವಿರೋಧ ಎರಡೂ ಹೇಳಿ. ಇಷ್ಟು ದಿನ ಆ ಚರ್ಚೆ ನಡೆಯಲೇ ಇಲ್ಲ, ದಶಮಾಂಶವೇ ಬಾಗಿಲು ಹಾಕಿಬಿಟ್ಟಿತ್ತು. ಹೀಗೆ ಗಣಿತದ ಹಿಂದೆ ನಿಂತರೆ ಲೀಚ್‌ಗೂ ನ್ಯಾಯ ಸಿಗುವುದಿಲ್ಲ, ಆ ಹುಡುಗನಿಗೂ ಸಿಗುವುದಿಲ್ಲ.

ಗೆರೆ ಇಳಿಸಿದ ಬಗ್ಗೆ ನನ್ನ ತಕರಾರೂ ಇಲ್ಲೇ ಇದೆ. ಅವರದ್ದು 0.596. ನಿಮ್ಮ ಹೊಸ ಗೆರೆ 0.595. ಯಾರು ನೋಡಿದರೂ ಇದು ಅವರ ಅಳತೆ ತೆಗೆದು ಹೊಲಿದ ಅಂಗಿ ಎಂದೇ ಹೇಳುತ್ತಾರೆ. ನಾಳೆ ಅವರು ಆಯ್ಕೆಯಾದರೆ "ರಿಯಾಯಿತಿಯಲ್ಲಿ ಬಂದವರು" ಎಂಬ ಮಾತು ಬೆನ್ನಿಗೆ ಅಂಟುತ್ತದೆ. ಇನ್ನೊಬ್ಬ ಕೋಚ್ 0.594 ಹಿಡಿದುಕೊಂಡು ಬಂದರೆ ಮತ್ತೆ ಇದೇ ಕಥೆ. ಹ್ಯಾಲ್ ಮಮ್ಮಿ ಅವರ ಲೆಕ್ಕವಂತೂ ಈ ಗೆರೆಯಿಂದ ಬಹಳ ದೂರ. ಏರ್ ರೇಡ್‌ನ ಮೊದಲ ರೂವಾರಿ ಅವರು. ಕೋಚ್ ಆಗಿ ಅವರಿಗೆ ನಿಮ್ಮಲ್ಲಿ ದಾರಿಯೇ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಲೀಚ್ ಹೆಸರು ಪಟ್ಟಿಗೆ ಬಂದಾಗ ಅವರನ್ನು ಆಟಕ್ಕೆ ಕೊಟ್ಟ ಕೊಡುಗೆಯ ಮೇಲೆ ತೂಗಿ ಮತ ಹಾಕಿ. ಸಂಖ್ಯೆಯ ಕೆಲಸ ಅರ್ಹತೆಗೆ ಮುಗಿಯಿತು, ಅದನ್ನು ಮತ್ತೆ ಎಳೆದು ತರಬೇಡಿ. ಸದ್ಯಕ್ಕೆ ಸುಮ್ಮನೆ ಕಾಯಲಿ, ಬೇರೆಯವರ ಸರದಿ ಆಗಲಿ ಎಂದು ವರ್ಷಗಟ್ಟಲೆ ಮುಂದೂಡಲೂ ಬೇಡಿ. ಅವರು ಇಲ್ಲ, ಅವರ ಮನೆಯವರು, ಆಡಿದ ಹುಡುಗರು ಇದ್ದಾರೆ.

ಎರಡನೆಯದು ನಿಯಮದ ಬಗ್ಗೆ. ಹತ್ತು ವರ್ಷ, ನೂರು ಪಂದ್ಯ ಎಂಬ ಷರತ್ತು ಇರಲಿ. ಶೇಕಡಾವಾರು ಕಡಿಮೆ ಇದ್ದರೂ ಆಟವನ್ನು ಬದಲಿಸಿದವರನ್ನು ವಿಶೇಷ ಪ್ರಕರಣ ಎಂದು ಪರಿಗಣಿಸುವ ಅಧಿಕಾರ ಆನರ್ಸ್ ಕೋರ್ಟ್‌ಗೆ ಕೊಡಿ, ಕಾರಣವನ್ನು ಬರೆದು ಪ್ರಕಟಿಸುವ ಷರತ್ತಿನ ಮೇಲೆ. ಆಗ ಪ್ರತಿ ಸಲ ಗೆರೆಯನ್ನು ಸಾವಿರಾಂಶದಲ್ಲಿ ಹಿಂದೆ ಮುಂದೆ ಎಳೆಯುವ ಪಾಡು ತಪ್ಪುತ್ತದೆ.

ಮೂರನೆಯದು ಚಿಕ್ಕದು. ಅಯೋವಾ ವೆಸ್ಲಿಯನ್ 2023ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಏರ್ ರೇಡ್ ಹುಟ್ಟಿದ ಕಾಲೇಜೇ ಈಗ ಇಲ್ಲ. ಆ ಕಾಲದ ಹಳೆಯ ವಿಡಿಯೊ ಟೇಪು, ಅಭ್ಯಾಸದ ಟಿಪ್ಪಣಿ, ಫೋಟೊ ಯಾರ ಯಾರ ಮನೆಯ ಅಟ್ಟದಲ್ಲಿವೆಯೋ ಅವನ್ನು ಈಗಲೇ ಕೇಳಿ ತರಿಸಿ, ಅಟ್ಲಾಂಟಾದಲ್ಲಿ ಜೋಪಾನ ಮಾಡಿ. ಇದಕ್ಕೆ ಯಾವ ಮತವೂ ಬೇಡ, ಯಾವ ಶೇಕಡಾವಾರೂ ಬೇಡ.

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸುತ್ತಿದ್ದೇನೆ. ಉತ್ತರ ಬಂದರೆ ಅದು ಪರವಾಗಿರಲಿ ವಿರೋಧವಾಗಿರಲಿ, ಕನ್ನಡಕ್ಕೆ ತಂದು ಇಲ್ಲಿಯ ಓದುಗರ ಮುಂದೆ ಇಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪುಲ್‌ಮನ್‌ನಲ್ಲಿ ಓದಿದ ಒಬ್ಬ ಕನ್ನಡಿಗ